ಗಂಡು ನಾಯಿಗೆ ಆಪರೇಷನ್ ಇಲ್ಲದೆ ಬೇರೆ ದಾರಿ ಇದೆಯಾ? ಚಿಪ್, ಇಂಜೆಕ್ಷನ್ ಬಗ್ಗೆ ಗೊತ್ತಿರುವವರು ಹೇಳಿ

ಗುಂಡನ ಮನೆ, ಮೈಸೂರು

ಎಲ್ಲರಿಗೂ ನಮಸ್ಕಾರ. ನಮ್ಮ ಮನೆಯಲ್ಲಿ ಒಂದೂವರೆ ವರ್ಷದ ಗಂಡು ಲ್ಯಾಬ್ರಡಾರ್ ಇದ್ದಾನೆ, ಹೆಸರು ಗುಂಡ. ತುಂಬಾ ಸಾಧು, ಮಕ್ಕಳು ಬಾಲ ಎಳೆದರೂ ಸುಮ್ನೆ ಇರುತ್ತಾನೆ. ಆದರೆ ಬೀದಿಯಲ್ಲಿ ಯಾವುದಾದರೂ ಹೆಣ್ಣು ನಾಯಿ ಬೆದೆಗೆ ಬಂತು ಅಂದರೆ ಅವನನ್ನು ಹಿಡಿಯುವುದು ಕಷ್ಟ. ಊಟ ಮುಟ್ಟುವುದಿಲ್ಲ, ರಾತ್ರಿಯೆಲ್ಲ ಗೇಟಿನ ಹತ್ತಿರ ನಿಂತು ಊಳಿಡುತ್ತಾನೆ, ಸೋಫಾಗೆ, ಬಾಗಿಲಿಗೆ, ಅಕ್ಕಿ ಮೂಟೆಗೆ ಎಲ್ಲದಕ್ಕೂ ಕಾಲೆತ್ತುತ್ತಾನೆ. ಹೋದ ಸಲ ಕಾಂಪೌಂಡ್ ಹಾರಿ ಹೋಗಿ ಬೀದಿ ನಾಯಿಗಳ ಜೊತೆ ಕಚ್ಚಾಡಿ ಕಿವಿ ಹರಿದುಕೊಂಡು ಬಂದ.

ಡಾಕ್ಟರ್ ಆಪರೇಷನ್ ಮಾಡಿಸಿಬಿಡಿ ಅಂದರು. ಅಮ್ಮ ಮಾತ್ರ ಒಪ್ಪುತ್ತಿಲ್ಲ. ನಮ್ಮ ಸಂಬಂಧಿಕರ ಮನೆಯ ಪಗ್ ಒಂದಕ್ಕೆ ಯಾವುದೋ ಆಪರೇಷನ್‌ಗೆ ಅಂತ ಅರಿವಳಿಕೆ ಕೊಟ್ಟಿದ್ದರು, ಅದು ಎಚ್ಚರ ಆಗಲೇ ಇಲ್ಲ. ಅವತ್ತಿನಿಂದ ಅಮ್ಮನಿಗೆ ಆ ಹೆಸರು ಕೇಳಿದರೆ ಭಯ. ನನಗೂ ಒಳಗೊಳಗೆ ಭಯವೇ.

ಹುಡುಕಿದರೆ ಏನೇನೋ ಸಿಗುತ್ತದೆ. ಚರ್ಮದ ಕೆಳಗೆ ಇಡುವ ಚಿಪ್ ಇದೆ ಅಂತಾರೆ, ಬೀಜಕ್ಕೇ ಕೊಡುವ ಇಂಜೆಕ್ಷನ್ ಇದೆ ಅಂತಾರೆ, ಮಾತ್ರೆ ಇದೆ ಅಂತಾರೆ. ಇದರಲ್ಲಿ ಯಾವುದು ನಿಜ, ಯಾವುದು ಸುರಕ್ಷಿತ? ನಮ್ಮ ಬಂಧುಗಳು ಸಿಡ್ನಿಯಲ್ಲಿದ್ದಾರೆ, ಚಿಪ್ ಅಲ್ಲಿಂದ ತರಿಸಬಹುದಾ? ದಯವಿಟ್ಟು ಗೊತ್ತಿರುವವರು ಬಿಡಿಸಿ ಹೇಳಿ.

ಪಶುವೈದ್ಯ, ಹೆಬ್ಬಾಳ

ಮೊದಲು ಒಂದು ಪ್ರಶ್ನೆ ನಿಮಗೆ. ಗುಂಡನಿಂದ ಮರಿ ಆಗಬಾರದು ಅಂತ ಕೇಳುತ್ತಿದ್ದೀರಾ, ಇಲ್ಲ ಅವನ ಈ ಒದ್ದಾಟ ನಿಲ್ಲಬೇಕು ಅಂತಲಾ? ಎರಡೂ ಬೇರೆ ಬೇರೆ. ವೃಷಣ ಎರಡು ಕೆಲಸ ಮಾಡುತ್ತದೆ. ಒಂದು ಕಡೆ ವೀರ್ಯಾಣು ತಯಾರಾಗುತ್ತದೆ, ಇನ್ನೊಂದು ಕಡೆ ಟೆಸ್ಟೋಸ್ಟೆರಾನ್. ಬೇಲಿ ಹಾರಿಸುವುದು, ಕಾಲೆತ್ತಿಸುವುದು, ಊಟ ಬಿಡಿಸುವುದು ಎಲ್ಲ ಈ ಎರಡನೆಯದು. ನೀವು ಬರೆದದ್ದು ನೋಡಿದರೆ ನಿಮ್ಮ ತಲೆನೋವು ಮರಿ ಅಲ್ಲ, ಟೆಸ್ಟೋಸ್ಟೆರಾನ್. ಹಾಗಾಗಿ ಯಾವ ದಾರಿ ನೋಡಿದರೂ ಅದು ಟೆಸ್ಟೋಸ್ಟೆರಾನ್ ಇಳಿಸುತ್ತದಾ ಅಂತ ಮೊದಲು ಕೇಳಿ.

ಇಳಿಸುವುದರಲ್ಲಿ ಚೆನ್ನಾಗಿ ಪರೀಕ್ಷೆಯಾಗಿ, ಹಲವು ದೇಶಗಳಲ್ಲಿ ಅನುಮತಿ ಸಿಕ್ಕಿರುವುದು ಡೆಸ್ಲೊರೆಲಿನ್ ಇಂಪ್ಲಾಂಟ್. ಸುಪ್ರೆಲೊರಿನ್ ಅನ್ನುವ ಹೆಸರಿನಲ್ಲಿ ಬರುತ್ತದೆ. ಮೊದಲು ಆಸ್ಟ್ರೇಲಿಯಾದಲ್ಲಿ ಬಂತು, 2007ರಲ್ಲಿ ಯುರೋಪಿನಲ್ಲಿ ಅನುಮತಿ ಸಿಕ್ಕಿತು. ನೀವು ಹೇಳಿದ ಚಿಪ್ ಇದೇ. ಗುರುತಿಗೆ ಹಾಕುವ ಮೈಕ್ರೋಚಿಪ್ ಬೇರೆ, ಅದರ ಜೊತೆ ಕಲಸಿಕೊಳ್ಳಬೇಡಿ. ಅಕ್ಕಿ ಕಾಳಿಗಿಂತ ಸ್ವಲ್ಪ ದೊಡ್ಡದಾದ ಔಷಧದ ಕಡ್ಡಿಯನ್ನು ಭುಜದ ಮಧ್ಯೆ ಚರ್ಮದ ಕೆಳಗೆ ದಪ್ಪ ಸೂಜಿಯಿಂದ ಇಡುತ್ತಾರೆ. ಅರಿವಳಿಕೆ ಬೇಕಾಗುವುದಿಲ್ಲ.

ಕೆಲಸ ಮಾಡುವ ರೀತಿ ಹೀಗಿದೆ. ಮಿದುಳಿನಿಂದ ಜಿಎನ್‌ಆರ್‌ಎಚ್ ಅನ್ನುವ ಹಾರ್ಮೋನ್ ಬಿಟ್ಟು ಬಿಟ್ಟು ಬರುತ್ತದೆ, ಪಿಟ್ಯುಟರಿ ಗ್ರಂಥಿ ಅದಕ್ಕೆ ಓಗೊಟ್ಟು ವೃಷಣಕ್ಕೆ ಕೆಲಸ ಮಾಡು ಅಂತ ಹೇಳುತ್ತದೆ. ಚಿಪ್ಪಿನಿಂದ ಅದೇ ಥರದ ಔಷಧ ಬಿಡದೆ ಜಿನುಗುತ್ತಾ ಇರುತ್ತದೆ. ಹಗಲೂ ರಾತ್ರಿ ಒಂದೇ ಸಮನೆ ಬಾಗಿಲು ಬಡಿದರೆ ಒಳಗಿರುವವರು ಕೊನೆಗೆ ಕಿವಿ ಕೊಡುವುದನ್ನೇ ಬಿಡುತ್ತಾರಲ್ಲ, ಪಿಟ್ಯುಟರಿಯೂ ಹಾಗೆಯೇ ಸುಮ್ಮನಾಗುತ್ತದೆ. ಆಮೇಲೆ ಟೆಸ್ಟೋಸ್ಟೆರಾನ್ ಇಳಿಯುತ್ತದೆ, ವೃಷಣ ಚಿಕ್ಕದಾಗುತ್ತದೆ, ವೀರ್ಯಾಣು ನಿಲ್ಲುತ್ತದೆ.

ಆದರೆ ಸುಮ್ಮನಾಗುವ ಮೊದಲು ಅದು ಒಮ್ಮೆ ಜೋರಾಗಿ ಓಗೊಡುತ್ತದೆ. ಇದು ತುಂಬಾ ಜನಕ್ಕೆ ಗೊತ್ತಿಲ್ಲ. ಮೊದಲ ಕೆಲವು ದಿನ, ಕೆಲವು ನಾಯಿಗಳಲ್ಲಿ ಎರಡು ವಾರದ ತನಕ, ಟೆಸ್ಟೋಸ್ಟೆರಾನ್ ಇಳಿಯುವ ಬದಲು ಏರುತ್ತದೆ. ಆಗ ಹಾರಾಟ ಜಾಸ್ತಿಯಾದರೆ ಔಷಧ ಹಾಳು ಅಂತ ಗಾಬರಿಯಾಗಬೇಡಿ. 4.7 ಮಿಲಿಗ್ರಾಂ ಚಿಪ್ ಆದರೆ ಸುಮಾರು 6 ವಾರ, 9.4 ಆದರೆ ಸುಮಾರು 8 ವಾರ ಕಳೆದ ಮೇಲೆಯೇ ಮರಿ ಆಗುವುದಿಲ್ಲ ಅಂತ ನಂಬಬಹುದು. ಅಲ್ಲಿಯವರೆಗೆ ಹೆಣ್ಣು ನಾಯಿಯಿಂದ ದೂರ ಇಡಲೇಬೇಕು. ಚಿಕ್ಕದು ಕನಿಷ್ಠ 6 ತಿಂಗಳು, ದೊಡ್ಡದು ಕನಿಷ್ಠ 12 ತಿಂಗಳು ಕೆಲಸ ಮಾಡುತ್ತದೆ. ಆಮೇಲೆ ನಿಧಾನವಾಗಿ ಎಲ್ಲ ಮೊದಲಿನಂತಾಗುತ್ತದೆ, ಬೇಕಿದ್ದರೆ ಮತ್ತೆ ಹಾಕಿಸಬೇಕು. ಚಿಕ್ಕ ಜಾತಿಯ ನಾಯಿಗಳಲ್ಲಿ ಪರಿಣಾಮ ಇನ್ನೂ ತುಂಬಾ ದಿನ ಉಳಿಯುವುದೂ ಉಂಟು.

ಸಿಡ್ನಿಯಿಂದ ಸೂಟ್‌ಕೇಸಿನಲ್ಲಿ ತರಿಸುವ ಯೋಚನೆ ಬಿಟ್ಟುಬಿಡಿ. ಅದನ್ನು 2ರಿಂದ 8 ಡಿಗ್ರಿ ತಂಪಿನಲ್ಲಿ ಇಡಬೇಕು, ಪಶುವೈದ್ಯರ ಚೀಟಿಯ ಮೇಲೆ ಕೊಡುವ ಔಷಧ ಅದು. ಗರ್ಭಿಣಿಯರು ಅದನ್ನು ಹಾಕಲೇಬಾರದು ಅನ್ನುವ ಎಚ್ಚರಿಕೆಯೂ ಇದೆ. ನಿಮ್ಮ ಡಾಕ್ಟರ್ ಸರಿಯಾದ ದಾರಿಯಲ್ಲಿ ತರಿಸಿಕೊಟ್ಟರೆ ಮಾತ್ರ ಹಾಕಿಸಿ.

ಮಾತ್ರೆ, ಮತ್ತೆ ಪ್ರೊಜೆಸ್ಟಿನ್ (ಹೆಣ್ಣು ಹಾರ್ಮೋನಿನಂಥ ಔಷಧ) ಇಂಜೆಕ್ಷನ್‌ಗಳ ಬಗ್ಗೆ ನನ್ನ ಮಾತು ಒಂದೇ, ಬೇಡ. ತಿಂಗಳುಗಟ್ಟಲೆ ಕೊಟ್ಟರೆ ಹಸಿವು ಹೆಚ್ಚಿ ದಪ್ಪ ಆಗುತ್ತವೆ, ಸಕ್ಕರೆ ಕಾಯಿಲೆ ಬರಬಹುದು, ಗಂಡು ನಾಯಿಯಲ್ಲೂ ಮೊಲೆಯ ಗಂಟು ಬರಬಹುದು. ಲ್ಯಾಬ್ ಮೊದಲೇ ತಿಂಡಿಪೋತ.

ಕಾವೇರಿ ತೀರದಿಂದ ರೈನ್ ತೀರಕ್ಕೆ

ನಾನಿರುವುದು ಜರ್ಮನಿಯಲ್ಲಿ, ಊರು ಶ್ರೀರಂಗಪಟ್ಟಣ. ಇಲ್ಲಿ ಈ ಚಿಪ್ ತುಂಬಾ ಸಾಮಾನ್ಯ. ಅದಕ್ಕೆ ಒಂದು ಕಾರಣ ಕಾನೂನು. ಇಲ್ಲಿನ ಪ್ರಾಣಿರಕ್ಷಣಾ ಕಾಯ್ದೆಯ 6ನೇ ಕಲಂ ಪ್ರಕಾರ ಸರಿಯಾದ ಕಾರಣ ಇಲ್ಲದೆ ಪ್ರಾಣಿಯ ಅಂಗ ತೆಗೆಯುವ ಹಾಗಿಲ್ಲ. ಹಾಗಾಗಿ ಗಂಡು ನಾಯಿ ಕರೆದುಕೊಂಡು ಹೋಗಿ ಬೀಜ ತೆಗೆಸಿ ಅಂದರೆ ವೈದ್ಯರು ಮೊದಲು ಯಾಕೆ ಅಂತ ಕೇಳುತ್ತಾರೆ. ತುಂಬಾ ಜನ ಮೊದಲು ಚಿಪ್ ಹಾಕಿಸಿ ನೋಡುತ್ತಾರೆ.

ನಮ್ಮ ನಾಯಿಗೂ ಹಾಕಿಸಿದ್ದೆವು. ಮೊದಲು ಹೆಚ್ಚಾಯಿತು, ಡಾಕ್ಟರ್ ಮೇಲೆ ಬರೆದ ಹಾಗೆಯೇ. ಆಮೇಲೆ ದಾರಿಯ ಪ್ರತಿ ಕಂಬವನ್ನೂ ಮೂಸುತ್ತಾ ನಿಲ್ಲುವುದು, ಹೆಣ್ಣು ನಾಯಿ ಕಂಡರೆ ಹಲ್ಲು ಕಟಕಟಿಸುವುದು, ನೆಂಟರ ಕಾಲು ಹಿಡಿದುಕೊಳ್ಳುವುದು, ಇವೆಲ್ಲ ಕಡಿಮೆಯಾಯಿತು. ಆದರೆ ಅವನಿಗೆ ಮೊದಲಿಂದಲೂ ಅಪರಿಚಿತ ಗಂಡಸರು ಕಂಡರೆ ಹೆದರಿ ಬೊಗಳುವ ಅಭ್ಯಾಸ ಇತ್ತು, ಅದು ಕಡಿಮೆ ಆಗಲಿಲ್ಲ, ಸ್ವಲ್ಪ ಹೆಚ್ಚೇ ಆಯಿತು ಅಂತ ನನಗೆ ಅನಿಸಿತು. ಇಲ್ಲಿನ ತರಬೇತುದಾರರು ಹೇಳಿದ್ದು, ಹೆದರಿಕೆಯಿಂದ ಬರುವ ಸಿಟ್ಟು ಟೆಸ್ಟೋಸ್ಟೆರಾನ್ ಇಳಿಸಿದರೆ ಹೋಗುವುದಿಲ್ಲ, ಕೆಲವು ನಾಯಿಗಳಲ್ಲಿ ಜಾಸ್ತಿಯಾಗುತ್ತದೆ ಅಂತ. ಚಿಪ್ಪಿನ ದೊಡ್ಡ ಲಾಭ ಇದೇ ನೋಡಿ. ಬೀಜ ತೆಗೆದರೆ ನನ್ನ ನಾಯಿ ಹೇಗಾಗುತ್ತದೆ ಅಂತ ತೆಗೆಯುವ ಮೊದಲೇ ಗೊತ್ತಾಗುತ್ತದೆ, ಇಷ್ಟ ಆಗದಿದ್ದರೆ ಕೆಲವು ತಿಂಗಳಲ್ಲಿ ವಾಪಸ್ ಬರುತ್ತದೆ.

ಬೀಜ ಚಿಕ್ಕದಾಗುವುದು ಕಣ್ಣಿಗೆ ಕಾಣುತ್ತದೆ. ಎರಡು ತಿಂಗಳು ಕಳೆದರೂ ಚಿಕ್ಕದಾಗಿಲ್ಲ ಅಂದರೆ ಚಿಪ್ ಬಿದ್ದುಹೋಗಿರಬಹುದು, ತೋರಿಸಬೇಕು.

ಬೀದಿ ಬಂಧು, ಬೆಂಗಳೂರು

ಬೀಜಕ್ಕೇ ಕೊಡುವ ಇಂಜೆಕ್ಷನ್ ಬಗ್ಗೆ ನಾನು ಬರೆಯುತ್ತೇನೆ. ಬೀದಿ ನಾಯಿಗಳ ಎಬಿಸಿ, ಅಂದರೆ ಸಂತಾನ ನಿಯಂತ್ರಣದ ಕೆಲಸದಲ್ಲಿ ಇರುವವರಿಗೆಲ್ಲ ಇದರ ಮೇಲೆ ಆಸೆ. ಒಂದು ನಾಯಿ ಹಿಡಿದು, ಸಾಗಿಸಿ, ಆಪರೇಷನ್ ಮಾಡಿ, ಕೆಲವು ದಿನ ಇಟ್ಟುಕೊಂಡು, ಹಿಡಿದ ಜಾಗದಲ್ಲೇ ವಾಪಸ್ ಬಿಡುವುದು ಎಷ್ಟು ಕಷ್ಟ ಅಂತ ಮಾಡಿದವರಿಗೇ ಗೊತ್ತು. ಒಂದು ಸೂಜಿಯಲ್ಲಿ ಮುಗಿಯುವ ಹಾಗಿದ್ದರೆ ಅಂತ ಯಾರಿಗೆ ಅನಿಸುವುದಿಲ್ಲ ಹೇಳಿ.

ಇಂಥ ಎರಡು ಇಂಜೆಕ್ಷನ್ ಇವೆ. ಒಂದು ಜಿಂಕ್ ಗ್ಲುಕೊನೇಟ್. ಅಮೆರಿಕದಲ್ಲಿ 2003ರಲ್ಲಿ ನ್ಯೂಟರ್‌ಸಾಲ್ ಅನ್ನುವ ಹೆಸರಿನಲ್ಲಿ ಅನುಮತಿ ಸಿಕ್ಕಿತು, 3ರಿಂದ 10 ತಿಂಗಳ ಗಂಡು ಮರಿಗಳಿಗೆ ಮಾತ್ರ. ಆಮೇಲೆ ಜ್ಯೂಟೆರಿನ್ ಅಂತ ಹೆಸರು ಬದಲಾಯಿಸಿ ಬಂತು, ಅದೂ ಅಲ್ಲಿನ ಮಾರುಕಟ್ಟೆಯಲ್ಲಿ ನಿಲ್ಲಲಿಲ್ಲ. ಅದು ವೀರ್ಯಾಣು ನಿಲ್ಲಿಸುತ್ತದೆ, ಆದರೆ ಟೆಸ್ಟೋಸ್ಟೆರಾನ್ ಪೂರ್ತಿ ಇಳಿಸುವುದಿಲ್ಲ, ಒಂದು ಭಾಗ ಉಳಿಯುತ್ತದೆ. ಗುಂಡನಂಥ ನಾಯಿಗೆ ಕೊಟ್ಟರೆ ಮರಿ ಆಗುವುದಿಲ್ಲ, ಆದರೆ ಕಾಂಪೌಂಡ್ ಹಾರುವುದು ನಿಲ್ಲುತ್ತದೆ ಅನ್ನುವ ಗ್ಯಾರಂಟಿ ಇಲ್ಲ. ಔಷಧ ಒಳಗಿಂದ ಹೊರಗೆ ಸೋರಿದರೆ ಚೀಲದ ಚರ್ಮ ಕೊಳೆತು ಹುಣ್ಣಾಗುತ್ತದೆ, ಆಮೇಲೆ ಬೇಡ ಬೇಡ ಅಂದ ಆಪರೇಷನ್ನೇ ಮಾಡಬೇಕಾಗುತ್ತದೆ, ಅದೂ ದೊಡ್ಡದು.

ಇನ್ನೊಂದು ಕ್ಯಾಲ್ಸಿಯಂ ಕ್ಲೋರೈಡ್. ಇದರಲ್ಲಿ ನಮ್ಮ ದೇಶದವರ ಕೆಲಸ ಮುಖ್ಯವಾದದ್ದು. ಪಶ್ಚಿಮ ಬಂಗಾಳದ ಜನಾ ಮತ್ತು ಸಾಮಂತ ಅನ್ನುವ ವಿಜ್ಞಾನಿಗಳು ಬೀದಿಯ ಗಂಡು ನಾಯಿಗಳ ಮೇಲೆ ಪ್ರಯೋಗ ಮಾಡಿ 2007ರಲ್ಲಿ ಪ್ರಕಟಿಸಿದರು. ಆಮೇಲೆ ಇಟಲಿಯವರು ಅದನ್ನು ಆಲ್ಕೋಹಾಲಿನಲ್ಲಿ ಕರಗಿಸಿ ಕೊಟ್ಟು, 20 ಶೇಕಡ ದ್ರಾವಣ ಚೆನ್ನಾಗಿ ಕೆಲಸ ಮಾಡುತ್ತದೆ ಅಂತ 2014ರಲ್ಲಿ ಹೇಳಿದರು. ಅಗ್ಗದ ಉಪ್ಪು, ಎಲ್ಲಿ ಬೇಕಾದರೂ ಸಿಗುತ್ತದೆ, ಟೆಸ್ಟೋಸ್ಟೆರಾನ್ ಕೂಡ ಚೆನ್ನಾಗಿ ಇಳಿಯುತ್ತದೆ. ಆದರೆ ಔಷಧವಾಗಿ ಅನುಮತಿ ಸಿಕ್ಕಿಲ್ಲ. ಕೊಡುವ ಕೈ ನುರಿತಿರಬೇಕು, ಪ್ರಮಾಣ ವೃಷಣದ ಅಳತೆಗೆ ಸರಿಯಾಗಿರಬೇಕು, ನಾಯಿಗೆ ಮಂಪರು ಬರಿಸಿ, ನೋವಿನ ಔಷಧ ಕೊಟ್ಟೇ ಮಾಡಬೇಕು. ಅರಿವಳಿಕೆಯ ಭಯಕ್ಕೆ ಇಂಜೆಕ್ಷನ್ ಹುಡುಕುವವರು ಈ ಕೊನೆಯ ಮಾತು ಗಮನಿಸಿ. ಯಾರಾದರೂ ಮನೆಗೇ ಬಂದು ಸೂಜಿ ಹಾಕಿ ಹೋಗುತ್ತೇನೆ ಅಂದರೆ ದಯವಿಟ್ಟು ಬಾಗಿಲು ಹಾಕಿಕೊಳ್ಳಿ.

ಬೀದಿ ನಾಯಿಗಳ ಲೆಕ್ಕದಲ್ಲಿ ಇನ್ನೂ ಒಂದು ಮಾತಿದೆ. ಸಂಖ್ಯೆ ಇಳಿಯಬೇಕು ಅಂದರೆ ಹೆಣ್ಣು ನಾಯಿಗಳ ಆಪರೇಷನ್ ಆಗಬೇಕು. ಬೀದಿಯ ಹತ್ತು ಗಂಡುಗಳಲ್ಲಿ ಒಂಬತ್ತಕ್ಕೆ ಮಾಡಿಸಿ ಒಂದನ್ನು ಬಿಟ್ಟರೂ ಆ ಒಂದೇ ಸಾಕು, ಎಲ್ಲ ಹೆಣ್ಣುಗಳಿಗೂ ಮರಿ ಆಗುತ್ತದೆ. ಬೆಂಗಳೂರಿನ ಪಾಲಿಕೆ ಎಣಿಕೆಯಲ್ಲಿ 2019ರಲ್ಲಿ ಸುಮಾರು 3.10 ಲಕ್ಷ ಇದ್ದದ್ದು 2023ರಲ್ಲಿ ಸುಮಾರು 2.79 ಲಕ್ಷ ಆಯಿತು. ಆ ಇಳಿಕೆ ಬಂದಿದ್ದು ಸೂಜಿಯಿಂದ ಅಲ್ಲ, ಕತ್ತರಿ ಹಿಡಿದು ದಿನವೂ ನಿಂತ ಡಾಕ್ಟರುಗಳಿಂದ ಅಂತ ನಾನು ನಂಬುತ್ತೇನೆ. ಅಮೆರಿಕದ ಮೈಕೆಲ್ಸನ್ ಪ್ರತಿಷ್ಠಾನ 2008ರಲ್ಲೇ ಎರಡೂವರೆ ಕೋಟಿ ಡಾಲರ್ ಬಹುಮಾನ ಇಟ್ಟಿತು. ಗಂಡು ಹೆಣ್ಣು ಎರಡಕ್ಕೂ, ನಾಯಿ ಬೆಕ್ಕು ಎರಡಕ್ಕೂ, ಒಂದೇ ಸಲಕ್ಕೆ ಶಾಶ್ವತವಾಗಿ ಕೆಲಸ ಮಾಡುವ ಔಷಧ ತಂದವರಿಗೆ. ಇಷ್ಟು ವರ್ಷವಾದರೂ ಅದನ್ನು ಗೆದ್ದವರಿಲ್ಲ. ಈ ಕೆಲಸ ಎಷ್ಟು ಕಷ್ಟ ಅಂತ ಅದರಲ್ಲೇ ಗೊತ್ತಾಗುತ್ತದೆ.

ತೋಟದ ಮನೆ, ಹಾಸನ

ನನಗೆ ಇದೆಲ್ಲ ಒಪ್ಪಿಗೆ ಇಲ್ಲ. ಬೇಜಾರು ಮಾಡಿಕೊಳ್ಳಬೇಡಿ. ನಾಯಿ ಗಂಡಾಗಿ ಹುಟ್ಟಿದೆ, ವರ್ಷದಲ್ಲಿ ಕೆಲವು ವಾರ ಒದ್ದಾಡುತ್ತದೆ, ಅಷ್ಟಕ್ಕೆ ಅದರ ದೇಹಕ್ಕೆ ಕೈ ಹಾಕಬೇಕಾ? ಹೆಣ್ಣು ನಾಯಿ ಒಂದು ಸಲ ಬೆದೆಗೆ ಬಂದರೆ ಮೂರು ವಾರ. ಅಷ್ಟು ದಿನ ಹಗ್ಗ ಬಿಡದೆ ಓಡಾಡಿಸಿ, ಗೋಡೆ ಎತ್ತರಿಸಿ, ಬೆಳಿಗ್ಗೆ ಸಂಜೆ ಚೆನ್ನಾಗಿ ದಣಿಸಿ. ನಮ್ಮ ತೋಟದಲ್ಲಿ ಗಂಡು ನಾಯಿಗಳನ್ನು ಹಾಗೆಯೇ ಸಾಕಿದ್ದೇವೆ, ಯಾವುದಕ್ಕೂ ಏನೂ ಮಾಡಿಸಿಲ್ಲ. ಲ್ಯಾಬ್ ಅಂದರೆ ನೀರಿಗೆ, ಓಟಕ್ಕೆ ಅಂತ ಹುಟ್ಟಿದ ನಾಯಿ, ಅದನ್ನು ಮೈಸೂರಿನ ಸೈಟಿನಲ್ಲಿ ಕೂಡಿಹಾಕಿದರೆ ಶಕ್ತಿ ಎಲ್ಲಿಗೆ ಹೋಗಬೇಕು?

ಪಶುವೈದ್ಯ, ಹೆಬ್ಬಾಳ

ತೋಟದ ಮನೆಯವರೇ, ನಿಮ್ಮ ಮಾತಿನಲ್ಲಿ ತಪ್ಪಿಲ್ಲ. ಏನೂ ಮಾಡಿಸದೆ ಇರುವುದೂ ಒಂದು ದಾರಿಯೇ, ಗೋಡೆ ಎತ್ತರ ಇದ್ದು, ಹಗ್ಗ ಬಿಡದೆ ನೋಡಿಕೊಳ್ಳುವವರು ಇದ್ದರೆ. ಆದರೆ ಎರಡು ವಿಷಯ ಗೊತ್ತಿದ್ದು ಆ ದಾರಿ ಹಿಡಿಯಬೇಕು. ಒಂದು, ವಯಸ್ಸಾದ ಗಂಡು ನಾಯಿಗಳಲ್ಲಿ ಪ್ರಾಸ್ಟೇಟ್ ಗ್ರಂಥಿ ಊದಿಕೊಳ್ಳುವುದು ತುಂಬಾ ಸಾಮಾನ್ಯ. ಉಚ್ಚೆಯಲ್ಲಿ ರಕ್ತ, ಕಕ್ಕ ಮಾಡಲು ತಿಣುಕುವುದು ಕಂಡರೆ ಅದೇ ಇರಬಹುದು. ಆಗ ಚಿಪ್ಪಿನಿಂದಲೂ ಗ್ರಂಥಿ ಚಿಕ್ಕದಾಗುತ್ತದೆ, ಅದಕ್ಕೆ ಅಂತಲೇ 7 ದಿನ ಕೊಡುವ ಓಸಟೆರೋನ್ ಮಾತ್ರೆಯೂ ಇದೆ, ಅದು ಪ್ರಾಸ್ಟೇಟ್‌ಗೆ, ಮರಿ ತಡೆಯುವುದಕ್ಕೆ ಅಲ್ಲ.

ಎರಡನೆಯದು ನಮ್ಮ ದೇಶಕ್ಕೆ ತುಂಬಾ ಮುಖ್ಯ. ಟಿವಿಟಿ ಅನ್ನುವ ಗಡ್ಡೆ. ಇದು ಒಂದು ನಾಯಿಯಿಂದ ಇನ್ನೊಂದಕ್ಕೆ ಕೂಡುವಾಗ ಅಂಟುವ ಕ್ಯಾನ್ಸರ್, ಗಡ್ಡೆಯ ಜೀವಕೋಶಗಳೇ ಮೈಯಿಂದ ಮೈಗೆ ದಾಟುತ್ತವೆ. ಬೀದಿ ನಾಯಿಗಳು ಹೆಚ್ಚಿರುವ ಕಡೆ ಹೆಚ್ಚು. ಗುಂಡ ಒಂದೇ ಒಂದು ರಾತ್ರಿ ಹಾರಿಹೋಗಿ ಬಂದರೂ ಸಾಕು. ಆಮೇಲೆ ಅವನ ಶಿಶ್ನದಿಂದ ರಕ್ತ ತೊಟ್ಟಿಕ್ಕುತ್ತಿದ್ದರೆ, ಅಲ್ಲಿ ಹೂಕೋಸಿನಂಥ ಗಂಟು ಕಂಡರೆ ತಡ ಮಾಡಬೇಡಿ. ವಾರಕ್ಕೊಮ್ಮೆ ವಿನ್‌ಕ್ರಿಸ್ಟಿನ್ ಅನ್ನುವ ಕ್ಯಾನ್ಸರ್ ಔಷಧ ಕೊಟ್ಟರೆ ಹೆಚ್ಚಿನವು ಗುಣ ಆಗುತ್ತವೆ. ವ್ಯಾಸೆಕ್ಟಮಿ ಮಾಡಿಸಿದ ನಾಯಿಗೆ ಈ ಅಪಾಯ ಹಾಗೆಯೇ ಉಳಿಯುತ್ತದೆ. ಯಾಕೆಂದರೆ ಅದು ನಾಳ ಮಾತ್ರ ಕತ್ತರಿಸುತ್ತದೆ, ಟೆಸ್ಟೋಸ್ಟೆರಾನ್ ಮುಟ್ಟುವುದಿಲ್ಲ, ನಾಯಿ ಮೊದಲಿನಂತೆಯೇ ಹಾರುತ್ತದೆ, ಕೂಡುತ್ತದೆ. ಅದೂ ಆಪರೇಷನ್ನೇ, ಅದಕ್ಕೂ ಅರಿವಳಿಕೆ ಬೇಕು.

ಮುಧೋಳ ಮಂದಿ, ಬಾಗಲಕೋಟೆ

ನಮ್ಮ ಮುಧೋಳ ನಾಯಿಗಳ ವಿಷಯ ಸ್ವಲ್ಪ ಸೇರಿಸುತ್ತೇನೆ. ಗುಂಡನಿಗೆ ಸಂಬಂಧ ಇಲ್ಲದಿದ್ದರೂ ಇದನ್ನು ಓದುವ ಬೇರೆಯವರಿಗೆ ಬೇಕಾಗುತ್ತದೆ. ಇವು ಬೇಟೆ ನಾಯಿ, ಮೈಯಲ್ಲಿ ಕೊಬ್ಬೇ ಇಲ್ಲ. ಇಂಥ ತೆಳು ಮೈಯ ಓಟದ ನಾಯಿಗಳಿಗೆ ಥಯೋಪೆಂಟೋನ್ ಥರದ ಹಳೆಯ ಅರಿವಳಿಕೆ ಕೊಟ್ಟರೆ ಎಚ್ಚರ ಆಗುವುದು ತುಂಬಾ ತಡ. ಅದಕ್ಕೆ ನಾವು ಮೊದಲೇ ಡಾಕ್ಟರ್‌ಗೆ ಇದು ಮುಧೋಳ ಅಂತ ಹೇಳಿ, ಪ್ರೊಪೊಫಾಲ್, ಗ್ಯಾಸ್ ಅರಿವಳಿಕೆ ಇದೆಯಾ ಅಂತ ಕೇಳಿಯೇ ಕರೆದುಕೊಂಡು ಹೋಗುವುದು. ಆಪರೇಷನ್ ಅಂದರೆ ಎಲ್ಲ ಒಂದೇ ಅಲ್ಲ ರೀ. ಏನು ಕೊಡುತ್ತಾರೆ, ಯಾರು ಕೊಡುತ್ತಾರೆ, ಪಕ್ಕದಲ್ಲಿ ನಿಂತು ಉಸಿರು ಯಾರು ನೋಡುತ್ತಾರೆ, ಇದೆಲ್ಲ ಕೇಳಬೇಕು.

ಇನ್ನೊಂದು ಮಾತು ಸಿಟ್ಟಿನಿಂದಲೇ ಬರೆಯುತ್ತೇನೆ. ಹಳ್ಳಿಯಲ್ಲಿ ಹೋರಿಗೆ ಇಕ್ಕಳ ಹಾಕಿ ಬೀಜ ಒಡೆಸುತ್ತಾರಲ್ಲ, ಹಾಗೆ ನಾಯಿಗೂ ಇಕ್ಕಳ ಹಾಕುವುದು, ರಬ್ಬರ್ ಬ್ಯಾಂಡ್ ಬಿಗಿಯುವುದು, ಇದನ್ನೂ ಕೆಲವರು ಆಪರೇಷನ್ ಇಲ್ಲದ ದಾರಿ ಅಂತ ಹೇಳಿಕೊಡುತ್ತಾರೆ. ದಯವಿಟ್ಟು ಮಾಡಬೇಡಿ. ರಬ್ಬರ್ ಬಿಗಿದರೆ ಅದು ಕೊಳೆಯುತ್ತದೆ, ನಾಯಿ ನೋವಿನಲ್ಲಿ ದಿನಗಟ್ಟಲೆ ನರಳುತ್ತದೆ, ನಂಜೇರಿ ಸಾಯುತ್ತದೆ.

ಗುಂಡನ ಮನೆ, ಮೈಸೂರು

ಎಲ್ಲರಿಗೂ ತುಂಬಾ ಧನ್ಯವಾದ. ಅಮ್ಮನಿಗೆ ಎಲ್ಲ ಓದಿ ಹೇಳಿದೆ. ಟಿವಿಟಿ ವಿಷಯ ಕೇಳಿ ಅವರು ಸ್ವಲ್ಪ ಮೆತ್ತಗಾದರು. ಈಗ ಅವರ ಪ್ರಶ್ನೆ, ಪಗ್‌ಗೆ ಆದದ್ದು ಗುಂಡನಿಗೂ ಆಗುವುದಿಲ್ಲ ಅಂತ ಹೇಗೆ ನಂಬುವುದು? ನನ್ನ ಪ್ರಶ್ನೆ, ಲ್ಯಾಬ್‌ಗೆ ಬೇಗ ಮಾಡಿಸಿದರೆ ಕೀಲು ನೋವು ಬರುತ್ತದೆ ಅಂತ ಓದಿದ್ದೆ, ಒಂದೂವರೆ ವರ್ಷ ಸರಿಯಾದ ವಯಸ್ಸಾ? ಚಿಪ್ ಸಿಕ್ಕರೆ ಮೊದಲು ಅದನ್ನು ಹಾಕಿಸಿ ನೋಡಲಾ, ಇಲ್ಲ ನೇರ ಆಪರೇಷನ್ನೇ ಮಾಡಿಸಲಾ?

ಪಶುವೈದ್ಯ, ಹೆಬ್ಬಾಳ

ಅಮ್ಮನಿಗೆ ಇದನ್ನು ಹೇಳಿ. ಪಗ್‌ನ ಮುಖ ಚಪ್ಪಟೆ, ಮೂಗಿನ ಹೊಳ್ಳೆ ಕಿರಿದು, ಗಂಟಲ ಒಳಗಿನ ಮೆತ್ತನೆ ಭಾಗ ಉದ್ದ. ಅರಿವಳಿಕೆಯಲ್ಲಿ ಸ್ನಾಯು ಸಡಿಲವಾದಾಗ ಉಸಿರಿನ ದಾರಿ ಮುಚ್ಚಿಕೊಳ್ಳುವ ಅಪಾಯ ಈ ಜಾತಿಗಳಲ್ಲಿ ಜಾಸ್ತಿ, ಎಚ್ಚರ ಆಗುವ ಹೊತ್ತಿನಲ್ಲಂತೂ ಇನ್ನೂ ಜಾಸ್ತಿ. ಲ್ಯಾಬ್‌ನ ಮೂಗು ಉದ್ದ, ಆ ತೊಂದರೆ ಇಲ್ಲ. ಅಪಾಯ ಸೊನ್ನೆ ಅಂತ ಯಾವ ಡಾಕ್ಟರೂ ಹೇಳಬಾರದು, ನಾನೂ ಹೇಳುವುದಿಲ್ಲ. ಆದರೆ ಆರೋಗ್ಯವಾಗಿರುವ ಎಳೆಯ ಗಂಡು ನಾಯಿಗೆ ಇದು ಸಣ್ಣ ಆಪರೇಷನ್. ಹೆಣ್ಣು ನಾಯಿಯ ಹಾಗೆ ಹೊಟ್ಟೆ ತೆರೆಯಬೇಕಿಲ್ಲ, ಚೀಲದ ಮುಂದೆ ಒಂದು ಸಣ್ಣ ಗಾಯ ಮಾಡಿ ಎರಡೂ ತೆಗೆಯುತ್ತಾರೆ. ಮೊದಲು ರಕ್ತ ಪರೀಕ್ಷೆ ಮಾಡಿಸಿ, ಎದೆ ಬಡಿತ ಕೇಳಿಸಿ. ಗಂಟಲಿಗೆ ಕೊಳವೆ ಹಾಕುತ್ತಾರಾ, ಆಕ್ಸಿಜನ್ ಇದೆಯಾ, ಪೂರ್ತಿ ಎಚ್ಚರ ಆಗುವ ತನಕ ಪಕ್ಕದಲ್ಲಿ ಯಾರಿರುತ್ತಾರೆ ಅಂತ ಕೇಳಿ. ಹೀಗೆ ಕೇಳಿದರೆ ಒಳ್ಳೆಯ ಡಾಕ್ಟರ್ ಬೇಜಾರು ಮಾಡಿಕೊಳ್ಳುವುದಿಲ್ಲ.

ವಯಸ್ಸಿನ ವಿಷಯ. ನೀವು ಓದಿದ್ದು ಕ್ಯಾಲಿಫೋರ್ನಿಯಾದ ಡೇವಿಸ್ ವಿಶ್ವವಿದ್ಯಾಲಯದ ಅಧ್ಯಯನ ಇರಬೇಕು. 2013ರಲ್ಲಿ ಗೋಲ್ಡನ್ ರಿಟ್ರೀವರ್ ಬಗ್ಗೆ ಬಂತು. ಒಂದು ವರ್ಷದೊಳಗೆ ಮಾಡಿಸಿದವುಗಳಲ್ಲಿ ಕೀಲಿನ ತೊಂದರೆ ಹೆಚ್ಚು ಕಂಡಿತು. ಲ್ಯಾಬ್‌ನಲ್ಲಿ ಅಷ್ಟು ತೀವ್ರವಲ್ಲ, ಅದೂ ಮುಖ್ಯವಾಗಿ 6 ತಿಂಗಳೊಳಗೆ ಮಾಡಿಸಿದವುಗಳಲ್ಲಿ. ಗುಂಡನ ಮೂಳೆ ಬೆಳೆದು ಮುಗಿದಿದೆ, ಈಗ ಆ ಚಿಂತೆ ಬೇಡ. ಎರಡೂ ಬೀಜ ಚೀಲಕ್ಕೆ ಇಳಿದಿವೆಯಾ ಅಂತ ಮಾತ್ರ ಒಮ್ಮೆ ನೋಡಿಸಿ. ಒಂದು ಹೊಟ್ಟೆಯಲ್ಲೇ ಉಳಿದಿದ್ದರೆ ಮುಂದೆ ಅಲ್ಲಿ ಗಡ್ಡೆ ಆಗುವ ಸಾಧ್ಯತೆ ಜಾಸ್ತಿ. ಅಂಥ ನಾಯಿಗೆ ಚಿಪ್ ಸರಿಯಾದ ದಾರಿ ಅಲ್ಲ, ಆಪರೇಷನ್ನೇ ಬೇಕು.

ನಿಮ್ಮ ಕೊನೆಯ ಪ್ರಶ್ನೆಗೆ ನನ್ನ ಅಭಿಪ್ರಾಯ. ಗುಂಡನಿಗೆ ಹೆದರಿಕೆ, ಕಚ್ಚುವ ಸ್ವಭಾವ ಇಲ್ಲ, ಇರುವುದು ಹಾರ್ಮೋನಿನ ಓಡಾಟ ಮಾತ್ರ. ಮರಿ ಮಾಡಿಸುವ ಆಸೆಯೂ ನಿಮಗೆ ಇದ್ದಂತಿಲ್ಲ. ನನ್ನ ಮನೆಯ ನಾಯಿ ಆಗಿದ್ದರೆ ನಾನು ನೇರ ಆಪರೇಷನ್ ಮಾಡಿಸುತ್ತಿದ್ದೆ. ಪ್ರತಿ ವರ್ಷ ಚಿಪ್, ಆ ಮೊದಲ ವಾರಗಳ ಏರಾಟ, ಇದು ಬೇಕಿಲ್ಲ. ಹೃದಯದ ತೊಂದರೆ ಇರುವ ನಾಯಿಗೆ, ಅರಿವಳಿಕೆ ತಡೆಯದ ಮುದಿ ನಾಯಿಗೆ, ಮುಂದೆ ಮರಿ ಬೇಕು ಅನ್ನುವವರಿಗೆ, ಹೆದರುವ ನಾಯಿ ಹೇಗಾಗುತ್ತದೆ ಅಂತ ಮೊದಲು ನೋಡಬೇಕು ಅನ್ನುವವರಿಗೆ ಚಿಪ್ ಒಳ್ಳೆಯದು, ಅಂಥವರಿಗೆ ನಾನೇ ಹೇಳುತ್ತೇನೆ. ಆದರೂ ಅಮ್ಮನ ಮನಸ್ಸು ಒಪ್ಪದಿದ್ದರೆ, ಚಿಪ್ ಸರಿಯಾದ ದಾರಿಯಲ್ಲಿ ಸಿಕ್ಕರೆ, ಅದನ್ನೇ ಮೊದಲು ಹಾಕಿಸಿ. ಅದರಲ್ಲಿ ನಷ್ಟ ಏನೂ ಇಲ್ಲ. ಗುಂಡ ಹೇಗಿರುತ್ತಾನೆ ಅಂತ ಅವರೇ ಕಣ್ಣಾರೆ ನೋಡಲಿ.

ಆಪರೇಷನ್ ಆದರೆ ಹತ್ತರಿಂದ ಹದಿನಾಲ್ಕು ದಿನ ಕುತ್ತಿಗೆಗೆ ಕೋನ್ ಹಾಕಿ, ಗಾಯ ನೆಕ್ಕಲು ಬಿಡಬೇಡಿ, ಸ್ನಾನ ಬೇಡ, ಜಿಗಿತ ಬೇಡ. ಆದ ತಕ್ಷಣ ಮರಿ ಆಗುವುದಿಲ್ಲ ಅಂತ ತಿಳಿಯಬೇಡಿ, ನಾಳದಲ್ಲಿ ಉಳಿದ ವೀರ್ಯಾಣು ಕೆಲವು ವಾರ ಇರುತ್ತದೆ. ಕಾಲೆತ್ತುವ ಅಭ್ಯಾಸ ಪೂರ್ತಿ ಹೋಗದೆಯೂ ಇರಬಹುದು, ಒಂದೂವರೆ ವರ್ಷದಲ್ಲಿ ಅದು ಸ್ವಲ್ಪ ರೂಢಿಯೂ ಆಗಿರುತ್ತದೆ. ಊಟ ಸುಮಾರು ಕಾಲು ಭಾಗ ಕಡಿಮೆ ಮಾಡಿ, ಅಮ್ಮ ಕೊಡುವ ಬಿಸ್ಕತ್ತೂ ಲೆಕ್ಕಕ್ಕೆ ಸೇರಿಸಿ. ಚೀಲ ಸ್ವಲ್ಪ ಊದುವುದು ಸಹಜ, ಆದರೆ ನಿಂಬೆಹಣ್ಣಿಗಿಂತ ದಪ್ಪ ಆದರೆ, ರಕ್ತ ತೊಟ್ಟಿಕ್ಕುತ್ತಿದ್ದರೆ, ಊಟ ಬಿಟ್ಟು ಮಂಕಾಗಿ ಮಲಗಿದರೆ ಅವತ್ತೇ ತೋರಿಸಿ, ಬೆಳಗಾಗಲಿ ಅಂತ ಕಾಯಬೇಡಿ.